ಜೀರೋ ಬಲ್ಬು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಮೀನಿನ ಮೇಲೆ ಬರುವುದಿಲ್ಲ, ಮೀನು ಸಾಕುವವರ ಮೇಲೆ ಬರುತ್ತದೆ.

ಜೋಗೇಶ್ವರಿಯಿಂದ ಬಾಂದ್ರಾದವರೆಗೆ ಇಪ್ಪತ್ತೆರಡು ಮನೆಗಳ ಅಕ್ವೇರಿಯಂ ನೋಡಿಕೊಳ್ಳುವುದು ನನ್ನ ಕೆಲಸ. ಪೈಪು, ಬ್ರಷ್ಷು, ಉಪ್ಪಿನ ಚೀಲ ಎಲ್ಲವನ್ನೂ ಒಂದು ಬಕೆಟ್ಟಿನಲ್ಲಿ ತುರುಕಿಕೊಂಡು ಲೋಕಲ್ ಹತ್ತುತ್ತೇನೆ. ಲೇಡೀಸ್ ಡಬ್ಬಿಯಲ್ಲಿ ಆ ಬಕೆಟ್ಟಿಗಾಗಿ ನಾನು ಕೇಳಿಸಿಕೊಂಡ ಬೈಗುಳವನ್ನೆಲ್ಲ ಬರೆದಿಟ್ಟಿದ್ದರೆ ಒಂದು ಪುಸ್ತಕ ಆಗುತ್ತಿತ್ತು. ಈ ಕೆಲಸ ನನ್ನ ಅಪ್ಪ ಇಮಾಮಸಾಬರದು. ಮುದ್ದೇಬಿಹಾಳದಿಂದ ಬಂದು ಮೂವತ್ತು ವರ್ಷ ಮಾಡಿದರು. ಎರಡು ವರ್ಷದ ಹಿಂದೆ ಅವರ ಮೊಣಕಾಲು ಕೈಕೊಟ್ಟಿತು, ಬಕೆಟ್ಟು ನನ್ನ ಕೈಗೆ ಬಂತು.

ಅಪ್ಪನ ಗಿರಾಕಿಗಳಲ್ಲೆಲ್ಲ ಹಳಬರು ವಿಲೆ ಪಾರ್ಲೆಯ ಅಂಗಾರಣ್ಣ. ಉಡುಪಿ ಕಡೆಯವರು, ಸ್ಟೇಶನ್ನಿನ ಹತ್ತಿರ ಹೋಟೆಲ್ ನಡೆಸುತ್ತಾರೆ. ಅವರ ಮನೆಯ ಹಾಲ್‌ನಲ್ಲಿ ಐದಡಿ ಉದ್ದದ ಗಾಜಿನ ಸಮುದ್ರ ಇದೆ. ಉಪ್ಪು ನೀರು, ಕಲ್ಲು, ಕಲ್ಲಿಗೆ ಅಂಟಿಕೊಂಡ ಮೆತ್ತನೆಯ ಹವಳಗಳು, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆ ಎಳೆದ ಒಂದು ಜೋಡಿ ಮೀನು, ಎಲ್ಲದರ ನಡುವೆ ಒಂದು ಅನಿಮೋನ್. ಅನಿಮೋನ್ ಎಂದರೆ ಹೂವಿನ ಹಾಗೆ ಕಾಣುವ ಪ್ರಾಣಿ. ಅಂಗಾರಣ್ಣ ಅದನ್ನು ‘ಹೂ’ ಎಂದೇ ಕರೆಯುತ್ತಾರೆ. ಹನ್ನೊಂದು ವರ್ಷದ ಹಿಂದೆ ಅಪ್ಪ ತಂದು ಬಿಟ್ಟಾಗ ಅದು ಒಂದು ನಾಣ್ಯದಷ್ಟಿತ್ತಂತೆ. ಈ ವರ್ಷ ಊಟದ ತಟ್ಟೆಯಷ್ಟಾಗಿತ್ತು. ಅದರ ಎಸಳುಗಳ ನಡುವೆಯೇ ಆ ಜೋಡಿ ಮೀನು ಮಲಗುತ್ತಿತ್ತು.

ದಿನಾ ಬೆಳಿಗ್ಗೆ ಹೋಟೆಲಿನ ಮೊದಲ ಗದ್ದಲ ಮುಗಿಸಿ ಅಂಗಾರಣ್ಣ ಹತ್ತು ಗಂಟೆಗೆ ಮನೆಗೆ ಬರುತ್ತಾರೆ. ಹನ್ನೊಂದರವರೆಗೆ ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಆಮೇಲೆ ಹೋಟೆಲಿಗೆ ಹೋದರೆ ಮರಳುವುದು ರಾತ್ರಿ ಹತ್ತೂವರೆಗೆ. ಜುಹು ಬೀಚು ಅವರ ಬಿಲ್ಡಿಂಗಿನಿಂದ ಆಟೋದಲ್ಲಿ ಕಾಲು ಗಂಟೆ. ಅಲ್ಲಿಗೆ ಯಾಕೆ ಹೋಗಬಾರದು ಎಂದು ಒಮ್ಮೆ ಕೇಳಿದ್ದೆ. “ಅಲ್ಲಿಗೆ ಹೋದ್ರೆ ಬರ್ಲಿಕ್ಕೆ ಮನಸ್ಸಾಗುದಿಲ್ಲ ಮಾರಾಯ್ತಿ. ಹೋಟೆಲು ಯಾರು ನೋಡುದು?” ಎಂದಿದ್ದರು. ದಿನದಲ್ಲಿ ಅವರದೇ ಅನ್ನುವ ಹೊತ್ತು ಅದೊಂದೇ, ಆ ಹೂವಿನ ಮುಂದಿನ ಒಂದು ತಾಸು.

ಆ ಟ್ಯಾಂಕಿಗೆ ಹೊಸ ಲೈಟು ಹಾಕುವ ಕೆಲಸ ನನಗೆ ಬಂತು. ಹಳೆಯದು ಹ್ಯಾಲೈಡ್, ಮೈದಾನದಲ್ಲಿ ರಾತ್ರಿ ಮ್ಯಾಚಿಗೆ ಹಾಕುವ ದೀಪದ ತಮ್ಮ. ಅದರ ಬಲ್ಬು ಈಗ ಎಲ್ಲೂ ಸಿಗುವುದಿಲ್ಲ. ಉರಿದರೆ ಇಡೀ ಹಾಲ್ ಒಲೆಯ ಹಾಗೆ ಕಾಯುತ್ತದೆ. ನಾನು ಎಲ್‌ಇಡಿ ತರಿಸಿದೆ. ಫೋನಿನಿಂದ ಸೆಟ್ ಮಾಡಬಹುದು, ಬೆಳಿಗ್ಗೆ ಹತ್ತಕ್ಕೆ ತಾನೇ ಹತ್ತಿ ರಾತ್ರಿ ಹತ್ತಕ್ಕೆ ತಾನೇ ಆರುತ್ತದೆ. ಅಪ್ಪನ ಕಾಲದ ಒಂದು ಟ್ಯಾಂಕನ್ನು ಪೂರ್ತಿ ನನ್ನ ಕೈಯಿಂದ ಬದಲಾಯಿಸುತ್ತಿದ್ದದ್ದು ಇದೇ ಮೊದಲು. ಎದೆ ಸ್ವಲ್ಪ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಬೆಳಿಗ್ಗೆ ಹಳೆಯ ಸಾಮಾನು ಬಿಚ್ಚಲು ಹೋದಾಗಲೇ ನನ್ನ ತಲೆ ಕೆಟ್ಟಿತು. ಟ್ಯಾಂಕಿನಿಂದ ಎರಡೇ ಅಡಿ ದೂರದಲ್ಲಿ ಗೋಡೆಯ ಮೇಲೆ ಸ್ವಿಚ್‌ಬೋರ್ಡ್ ಇದೆ. ಅದನ್ನು ಬಿಟ್ಟು ಅಪ್ಪ ದೊಡ್ಡ ಲೈಟಿನ ವೈರನ್ನು ಗೋಡೆಗುಂಟ ಎಳೆದು, ಅಡುಗೆಮನೆಗೆ ದಾಟಿಸಿ, ಫ್ರಿಜ್ಜಿನ ಹಿಂದಿನ ಸಾಕೆಟ್ಟಿಗೆ ಚುಚ್ಚಿದ್ದರು. ಉದ್ದಕ್ಕೂ ಕಪ್ಪು ಟೇಪಿನ ಗಂಟುಗಳು. ಬೋರ್ಡಿನ ಮೂರನೆಯ ಸ್ವಿಚ್ಚಿಗೆ ಏನಿತ್ತು ಗೊತ್ತೇ? ಟ್ಯಾಂಕಿನ ಮರದ ಮುಚ್ಚಳದ ಮೂಲೆಯಲ್ಲಿ ಹಾಲುಬಣ್ಣದ ಒಂದು ಜೀರೋ ಬಲ್ಬು. ಅದರ ಬೆಳಕಿನಲ್ಲಿ ಮೀನಿಗೆ ಮೀನು ಕಾಣಿಸದು. ಇಂಥ ಅಡ್ಡಾದಿಡ್ಡಿ ಕೆಲಸ ಮಾಡಿ ಮೂವತ್ತು ವರ್ಷ ಹೆಸರು ಗಳಿಸಿದರಲ್ಲ ಎಂದು ಅಪ್ಪನ ಮೇಲೆ ಸಿಟ್ಟೂ ಬಂತು, ನಗೂ ಬಂತು.

ನಾನು ಬಲ್ಬನ್ನು ಕಿತ್ತು ಕೆಳಗಿಡುವಾಗ ಅಂಗಾರಣ್ಣನ ಹೆಂಡತಿ ವಾರಿಜಕ್ಕ ಅಡುಗೆಮನೆಯಿಂದ ಬಂದರು.

“ಅದನ್ನು ತೆಗಿಯುದಾ?” ಎಂದರು.

“ಇಟ್ಟು ಏನ್ ಮಾಡೂದೈತ್ರಿ ಅಕ್ಕಾ? ಮೀನು ಇದರ ಬೆಳಕಿನ್ಯಾಗ ಪೇಪರ್ ಓದ್ತಾವೇನು?”

ವಾರಿಜಕ್ಕ ಬಗ್ಗಿದರು. ಬಲ್ಬನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿ, ದೇವರ ಗೂಡಿನ ಕೆಳಗಿನ ಡ್ರಾವರಿನಲ್ಲಿ ಇಟ್ಟರು. ಈ ಹೆಂಗಸರಿಗೆ ಏನನ್ನೂ ಬಿಸಾಡಲು ಬರುವುದಿಲ್ಲ ಎಂದುಕೊಂಡೆ. ಹೊಸ ಲೈಟನ್ನು ಬೋರ್ಡಿನ ಮೂರನೆಯ ಸ್ವಿಚ್ಚಿಗೇ ಕೊಟ್ಟೆ, ವೈರು ಕಣ್ಣಿಗೆ ಬೀಳದ ಹಾಗೆ ಪಟ್ಟಿಯೊಳಗೆ ಕೂರಿಸಿದೆ. ಅಪ್ಪನ ವೈರನ್ನು ಟ್ಯಾಂಕಿನ ಹತ್ತಿರ ಕತ್ತರಿಸಿ, ಉಳಿದದ್ದನ್ನು ಫ್ರಿಜ್ಜಿನ ಹಿಂದೆ ತಳ್ಳಿದೆ. ಲೈಟಿನ ಜೊತೆ ಬಂದ ಪುಸ್ತಕದಲ್ಲಿ ಕರೆಂಟ್ ಹೋದರೆ ಏನಾಗುತ್ತದೆ ಎಂದು ಒಂದಿಡೀ ಪುಟ ಇತ್ತು. ಮುಂಬೈಯಲ್ಲಿ ಕರೆಂಟ್ ಹೋಗುವುದಿಲ್ಲ. ಪುಟ ತಿರುವಿ ಮುಂದೆ ಹೋದೆ.

ಬೆಳಕನ್ನು ನೂರಕ್ಕೆ ಇಪ್ಪತ್ತರಲ್ಲಿ ಇಟ್ಟೆ. ಹೊಸ ಲೈಟಿನಲ್ಲಿ ಇದೇ ಮುಖ್ಯ. ಅನಿಮೋನಿನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ಬೆಳಕು ಕುಡಿದು ಅಡುಗೆ ಮಾಡುತ್ತದೆ, ಅನಿಮೋನ್ ಉಣ್ಣುತ್ತದೆ. ಒಂದೇ ಸಲಕ್ಕೆ ಬೆಳಕು ಜಾಸ್ತಿ ಬಿದ್ದರೆ ಆ ಪಾಚಿಯೇ ವಿಷವಾಗಿ, ಅನಿಮೋನ್ ಅದನ್ನು ಹೊರಗೆ ಉಗುಳಿಬಿಡುತ್ತದೆ. ಆಮೇಲೆ ಬೆಳ್ಳಗಾಗಿ ಉಪವಾಸ ಸಾಯುತ್ತದೆ. ಅದಕ್ಕೇ ಇಪ್ಪತ್ತರಿಂದ ಶುರು ಮಾಡಿ ವಾರಕ್ಕೆ ಐದೈದರಂತೆ ಏರಿಸಬೇಕು.

ಅಂಗಾರಣ್ಣ ಬಂದು ನೋಡಿದರು. ಮುಖ ಇಳಿಯಿತು.

“ಇದೆಂಥ ಮಾರಾಯ್ತಿ? ಬಾರಿನ ಪರ್ಮಿಟ್ ರೂಮಿನ ಹಾಗೆ ಕತ್ತಲೆ ಉಂಟು.”

“ನಾಕ್ ತಿಂಗಳು ತಡ್ಕೋರಿ ಅಣ್ಣಾ. ಒಮ್ಮಿಗೇ ಫುಲ್ ಮಾಡಿದ್ರ ನಿಮ್ಮ ಹೂ ಸತ್ತು ಹೋಗ್ತದ.”

“ಸ್ವಲ್ಪ ಹೆಚ್ಚು ಮಾಡ್ಲಿಕ್ಕೆ ಆಗುದಿಲ್ವಾ?”

“ಆಗೂದಿಲ್ರಿ. ನನಗ ಕಲಸಬ್ಯಾಡ್ರಿ.”

ವಾರಿಜಕ್ಕನಿಗೂ ಹೇಳಿದೆ. ಬೆಳಕು ತಾನೇ ಏರುತ್ತದೆ, ತಾನೇ ಇಳಿಯುತ್ತದೆ, ಹೆಚ್ಚು ಕಂಡರೂ ಕಡಿಮೆ ಕಂಡರೂ ನೀವು ಕೇಳುವುದು ಬೇಡ, ಸೆಟ್ಟಿಂಗ್ ಮುಟ್ಟುವುದು ಬೇಡ. ಸಾಲದ್ದಕ್ಕೆ ಒಂದು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿದೆ.

ಅಂದು ಸಂಜೆ ಮನೆಯಲ್ಲಿ ಅಪ್ಪ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು. ನಮ್ಮಮ್ಮಿ ಅಮೀರುನ್ನೀಸಾಗೆ ಮಗ್ರಿಬ್, ಅಂದರೆ ಸಂಜೆಯ ನಮಾಜಿನ ಹೊತ್ತಿಗೆ ಮನೆಮಂದಿಯೆಲ್ಲ ಒಳಗಿರಬೇಕು. ನನಗೆ ಮೂವತ್ತಾರು ತುಂಬಿದರೂ ಆ ಕಟ್ಟಳೆ ಬದಲಾಗಿಲ್ಲ, ಹಾಗಾಗಿ ಯಾವ ಮನೆಗೂ ನಾನು ಸಂಜೆ ಹೋಗುವುದಿಲ್ಲ.

“ವೈರ್ ಎಲ್ಲಿಂದ ತಗೊಂಡಿ?” ಅಪ್ಪ ಕೇಳಿದರು.

“ಬೋರ್ಡಿನಿಂದ. ಮತ್ತೆಲ್ಲಿಂದ ತಗೋಬೇಕು?”

“ಜೀರೋ ಬಲ್ಬ್?”

“ಕಿತ್ತು ಹಾಕೀನಿ.”

ಅಪ್ಪ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದರು. “ಹಂಗ ಮಾಡಬಾರದಿತ್ತವಾ. ಆ ಮನ್ಯಾಗ ಸಂಜಿಮುಂದ...”

“ಅಪ್ಪಾ,” ಎಂದೆ, “ನಿಮ್ಮ ಟೇಪಿನ ಗಂಟು ಬಿಚ್ಚಿ ಬಿಚ್ಚಿ ನನ್ನ ಉಗುರು ಹೋಗ್ಯಾವ. ನಿಮ್ಮ ಕೆಲಸ ನೀವು ಮಾಡಿದ್ರಿ. ಈಗ ನನಗ ನನ್ನ ಕೆಲಸ ಮಾಡಾಕ ಬಿಡ್ರಿ.”

ಅಪ್ಪ ಮತ್ತೆ ಎಣ್ಣೆ ತಿಕ್ಕತೊಡಗಿದರು. ಅಮ್ಮಿ ಚಹಾ ತಂದಿಟ್ಟಳು.

ಗುರುವಾರ ಹೋದಾಗ ಹೂ ಮುದುಡಿಕೊಂಡಿತ್ತು. ಹೊಸ ಬೆಳಕು, ಒಂದೆರಡು ದಿನ ಮುನಿಸು ಇರುತ್ತದೆ ಎಂದುಕೊಂಡೆ. ಮುಂದಿನ ಸೋಮವಾರಕ್ಕೆ ಅದರ ಕಂದುಬಣ್ಣ ತೆಳುವಾಗಿತ್ತು, ಹಾಲು ಹೆಚ್ಚಾದ ಚಹಾದ ಹಾಗೆ. ಸೆಟ್ಟಿಂಗ್ ನೋಡಿದೆ, ಇಪ್ಪತ್ತರಲ್ಲೇ ಇತ್ತು. ಆದರೂ ಹದಿನೈದಕ್ಕೆ ಇಳಿಸಿದೆ. ಗುರುವಾರ ಇನ್ನೂ ತೆಳುವಾಗಿತ್ತು. ಇಂಥದ್ದನ್ನು ನಾನು ಕಂಡಿರಲಿಲ್ಲ. ಬೆಳಕು ಕಡಿಮೆ ಮಾಡಿದಷ್ಟೂ ಹೂ ಸುಡುತ್ತಿತ್ತು.

ನನಗೆ ಒಂದೇ ಉತ್ತರ ಹೊಳೆಯಿತು. ನಾನಿಲ್ಲದಾಗ ಯಾರೋ ಬೆಳಕು ಏರಿಸುತ್ತಿದ್ದಾರೆ, ನಾನು ಬರುವ ಹೊತ್ತಿಗೆ ಇಳಿಸುತ್ತಿದ್ದಾರೆ. ಲೈಟಿನ ಆ್ಯಪ್ ಇದ್ದದ್ದು ಎರಡೇ ಫೋನಿನಲ್ಲಿ. ಒಂದು ನನ್ನದು, ಇನ್ನೊಂದು ಅಂಗಾರಣ್ಣನದು. ಪರ್ಮಿಟ್ ರೂಮು ಎಂದವರು ಯಾರು? ಸ್ವಲ್ಪ ಹೆಚ್ಚು ಮಾಡು ಎಂದವರು ಯಾರು?

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ನೇರ ಹೋಟೆಲಿಗೇ ಹೋದೆ. ಇಡ್ಲಿಗೆ ಜನ ನಿಂತುಕೊಂಡು ಕಾಯುವ ಹೊತ್ತು. ಅಂಗಾರಣ್ಣ ಗಲ್ಲೆಯ ಮೇಲೆ ಕೂತಿದ್ದರು.

“ಲೈಟ್ ಯಾಕ ಹೆಚ್ಚು ಮಾಡಿದ್ರಿ ಅಣ್ಣಾ?” ಎಂದೆ.

“ನಾನು ಮುಟ್ಲಿಲ್ಲ.”

“ನಿಮ್ಮ ಫೋನ್ ಬಿಟ್ರ ಮತ್ತ ಯಾರ ಫೋನ್ಯಾಗೂ ಇಲ್ಲ ಅದು.”

“ನಾನು ಮುಟ್ಲಿಲ್ಲ ಅಂತ ಹೇಳಿದೆ ಅಲ್ವಾ?”

“ಹಂಗಾದ್ರ ಭೂತ ಬಂದು ಮುಟ್ಟಿತೇನ್ರಿ?”

ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದವನ ಕೈ ನಿಂತಿತು. ಗಲ್ಲೆಯ ಹಿಂದೆ ಲಕ್ಷ್ಮಿಯ ಫೋಟೋದ ಪಕ್ಕದಲ್ಲೇ ಅವರ ಊರಿನ ದೈವದ ಫೋಟೋ, ಮಲ್ಲಿಗೆ ಹಾಕಿದ್ದು ಇತ್ತು. ನಾನು ಹತ್ತಾರು ಸಲ ನೋಡಿದ್ದೆ. ಅವರ ಊರಿನಲ್ಲಿ ಭೂತ ಎಂದರೆ ಮಕ್ಕಳನ್ನು ಹೆದರಿಸುವ ದೆವ್ವ ಅಲ್ಲ, ಮನೆ ಕಾಯುವ ದೈವ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮಾತು ಆಡಿ ಆಗಿತ್ತು.

“ಆ ಹೆಸರು ಸುಮ್ಮನೆ ತೆಗಿಬೇಡ,” ಎಂದರು ಅಂಗಾರಣ್ಣ, ಮೆಲ್ಲಗೆ. ಕಿಸೆಯಿಂದ ಫೋನ್ ತೆಗೆದು ನನ್ನ ಮುಂದೆ ಇಟ್ಟರು. “ಎಂಥ ತೆಗಿಲಿಕ್ಕುಂಟು, ತೆಗಿ.”

ಎಲ್ಲರ ಮುಂದೆ ಆ್ಯಪನ್ನು ಅಳಿಸಿದೆ. ಅಂದಿನಿಂದ ನಾನು ಹೋದಾಗ ಅವರು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಕುರ್ಚಿ ಟ್ಯಾಂಕಿನ ಮುಂದೆ ಖಾಲಿ ಇರುತ್ತಿತ್ತು. ಅವರ ಒಂದೇ ಒಂದು ತಾಸನ್ನೂ ನಾನು ಕಿತ್ತುಕೊಂಡೆ ಅಂತ ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ತಪ್ಪು ಮಾಡಿದ್ದು ಅವರು, ಅನುಭವಿಸಲಿ ಎಂದು ಗಟ್ಟಿಯಾದೆ.

ಅವರ ಫೋನಿನಿಂದ ಆ್ಯಪ್ ಹೋದ ಮೇಲೆ ಹೂ ಸುಧಾರಿಸಬೇಕಿತ್ತಲ್ಲ? ಇಲ್ಲ. ಸೋಮವಾರಕ್ಕೆ ಎಸಳಿನ ತುದಿಗಳು ಬೆಳ್ಳಗಾಗಿದ್ದವು. ನೀರು ಪರೀಕ್ಷೆ ಮಾಡಿದೆ, ಉಪ್ಪು ಸರಿ ಇತ್ತು, ಬಿಸಿ ಸರಿ ಇತ್ತು. ಬಾಂದ್ರಾದಲ್ಲಿ ಅಂಗಡಿ ಇಟ್ಟಿರುವ ಜುನೇದ್‌ನ ಹತ್ತಿರ ಬೆಳಕು ಅಳೆಯುವ ಮೀಟರ್ ಇಸಿದುಕೊಂಡು ಬಂದು ನೀರಿನೊಳಗೆ ಇಳಿಬಿಟ್ಟೆ. ಬೆಳಿಗ್ಗೆ ಹನ್ನೊಂದಕ್ಕೆ ಅದು ತೋರಿಸಿದ ಲೆಕ್ಕದಲ್ಲಿ ಹೂ ಚಳಿಗೆ ನಡುಗಬೇಕೇ ಹೊರತು ಸುಡಬಾರದು. ಸೆಟ್ಟಿಂಗನ್ನು ಹತ್ತಕ್ಕೆ ಇಳಿಸಿದೆ. ಹಗಲಿನಲ್ಲಿ ಟ್ಯಾಂಕು ಬಾವಿಯ ಹಾಗೆ ಕಪ್ಪಗಾಯಿತು. ವಾರಿಜಕ್ಕ ಒಮ್ಮೆ ನನ್ನ ಹಿಂದೆ ಬಂದು ನಿಂತು, “ತಹಮೀನಾ, ಒಂದು ಮಾತು...” ಎಂದರು. “ಈಗ ಬ್ಯಾಡ್ರಿ ಅಕ್ಕಾ, ನನ್ನ ತಲಿ ನೆಟ್ಟಗಿಲ್ಲ,” ಎಂದೆ. ಅವರು ಒಳಗೆ ಹೋದರು.

ಲೋಕಲ್‌ನಲ್ಲಿ ನಿಂತು ಮನೆಗೆ ಹೋಗುವಾಗ ಅಳು ಬರುವ ಹಾಗಿತ್ತು. ಆ ಹೂ ಸತ್ತರೆ ಅಂಗಾರಣ್ಣ ನನ್ನನ್ನು ಬೈಯುವುದಿಲ್ಲ, ಅದು ನನಗೆ ಗೊತ್ತು. ಅಪ್ಪನಿಗೆ ಫೋನ್ ಮಾಡುತ್ತಾರೆ. ಅಪ್ಪ ಆ ಮೊಣಕಾಲಿನಲ್ಲಿ ಗೋಡೆ ಹಿಡಿದುಕೊಂಡು ಬಂದು, ಹನ್ನೊಂದು ವರ್ಷ ಸಾಕಿದ ಜೀವವನ್ನು ಮಗಳು ಮೂರು ವಾರದಲ್ಲಿ ಕೊಂದದ್ದನ್ನು ನೋಡುತ್ತಾರೆ. ನನಗೆ ಅದೊಂದು ಆಗಬಾರದಿತ್ತು. ಏನಾದರೂ ಮಾಡಿ ಅದು ಬದುಕಬೇಕಿತ್ತು.

ಬುಧವಾರ ಮಧ್ಯಾಹ್ನ ನಾಲ್ಕೂವರೆಗೆ ವಾರಿಜಕ್ಕನ ಫೋನ್ ಬಂತು.

“ಹೂ ಕಲ್ಲು ಬಿಟ್ಟು ನಡೀತಾ ಉಂಟು ತಹಮೀನಾ. ಪಂಪಿನ ಹತ್ತಿರ ಹೋಗಿದೆ. ಅವರೂ ಮನೆಯಲ್ಲಿಲ್ಲ.”

ಅನಿಮೋನಿಗೆ ಒಂದು ಜಾಗ ಸಹಿಸಲಾಗದೆ ಹೋದರೆ ಪಾದ ಬಿಡಿಸಿಕೊಂಡು ಹೊರಟುಬಿಡುತ್ತದೆ. ಟ್ಯಾಂಕಿನಲ್ಲಿ ಅಲೆ ಎಬ್ಬಿಸುವ ಪಂಪಿಗೆ ಸಿಕ್ಕಿದರೆ ಕೊಬ್ಬರಿ ತುರಿದ ಹಾಗೆ ತುರಿದುಹೋಗುತ್ತದೆ. “ಪಂಪಿನ ಪ್ಲಗ್ ಕೀಳ್ರಿ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ,” ಎಂದು ಕೂಗಿ ಜೋಗೇಶ್ವರಿ ಸ್ಟೇಶನ್ನಿಗೆ ಓಡಿದೆ. ಅಂಧೇರಿ ದಾಟಿದರೆ ವಿಲೆ ಪಾರ್ಲೆ. ಆ ಎರಡು ಸ್ಟೇಶನ್ನಿನ ದಾರಿ ಅಂದು ಪುಣೆಗೆ ಹೋದಷ್ಟು ದೂರವಾಯಿತು.

ಹೂ ಪಂಪಿನಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಗಾಜಿಗೆ ಅಂಟಿಕೊಂಡಿತ್ತು. ಮೈಯೆಲ್ಲ ಬೆಳ್ಳಗೆ, ಆಚೆಯ ಕಲ್ಲು ಕಾಣುವಷ್ಟು ತೆಳ್ಳಗೆ. ಜೋಡಿ ಮೀನು ಅದರ ಹತ್ತಿರ ಬರುವುದು, ಎಸಳಿಗೆ ಮೈ ತಾಗಿಸುವುದು, ತಿರುಗಿ ಹೋಗುವುದು ಮಾಡುತ್ತಿದ್ದವು. ವಾರಿಜಕ್ಕನ ತರಕಾರಿ ತೊಳೆಯುವ ತೂತಿನ ಬುಟ್ಟಿ ಇಸಿದುಕೊಂಡೆ. ಪಾದವನ್ನು ಉಗುರಿನಿಂದ ಒಂದು ಕೂದಲೆಳೆಯಷ್ಟೇ ಎಬ್ಬಿಸಿ ಎಬ್ಬಿಸಿ, ಹೂವನ್ನು ಕಲ್ಲಿನ ನೆರಳಿಗೆ ಸರಿಸಿ, ಬುಟ್ಟಿ ಬೋರಲು ಹಾಕಿ ಮುಚ್ಚುವಾಗ ಆರು ದಾಟಿತ್ತು. ಭುಜದವರೆಗೆ ಉಪ್ಪುನೀರು. ಅಮ್ಮಿ ಎರಡು ಸಲ ಫೋನ್ ಮಾಡಿದಳು. ಇವತ್ತು ಮಗ್ರಿಬಿಗೆ ಬರುವುದಿಲ್ಲ ಎಂದು ಹೇಳಿ ಇಟ್ಟೆ.

ಹಾಗೆ ನಾನು ಆ ಮನೆಯಲ್ಲಿ ಮೊದಲ ಸಲ ಸಂಜೆ ಕಂಡೆ.

ಆ ಹಾಲ್‌ಗೆ ಪಕ್ಕದ ಬಿಲ್ಡಿಂಗಿನ ಗೋಡೆ ಅಡ್ಡ, ಮಧ್ಯಾಹ್ನದಿಂದಲೇ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ವಾರಿಜಕ್ಕ ಕೈಕಾಲು ತೊಳೆದು ಬಂದರು. “ದೀಪ ಇಡುವ ಹೊತ್ತಾಯ್ತು, ನೀನು ಕೂತುಕೋ,” ಎಂದರು. ಆಮೇಲೆ ಅಡುಗೆಮನೆಯ ಲೈಟು ಆರಿಸಿದರು. ಕೋಣೆಗಳ ನಡುವಿನ ಓಣಿಯದ್ದು ಆರಿಸಿದರು. ಹಾಲ್‌ನ ಟ್ಯೂಬ್‌ಲೈಟ್ ಆರಿಸಿದರು. ಕೊನೆಗೆ ಬೋರ್ಡಿನ ಮೂರನೆಯ ಸ್ವಿಚ್ಚನ್ನೂ ಒತ್ತಿದರು. ಟ್ಯಾಂಕು ಆರಿತು. ಕತ್ತಲೆಯಲ್ಲಿ ಬೆಂಕಿಕಡ್ಡಿ ಗೀರಿ ದೇವರ ಗೂಡಿನ ದೀಪ ಹಚ್ಚಿದರು. ಅದು ನಿಂತು ಉರಿಯತೊಡಗಿದ ಮೇಲೆ ಬೋರ್ಡಿನ ಹತ್ತಿರ ಬಂದು ಒಂದೊಂದೇ ಸ್ವಿಚ್ ಹಾಕಿ, ಬೆರಳನ್ನು ಕಣ್ಣಿಗೊತ್ತಿಕೊಂಡರು.

ಮೂರನೆಯದು ಹಾಕಿದ ಕೂಡಲೇ ಇಡೀ ಹಾಲ್ ಬೆಳ್ಳಗಾಯಿತು. ಹತ್ತಲ್ಲ, ಇಪ್ಪತ್ತಲ್ಲ, ನೂರಕ್ಕೆ ನೂರು. ಗೋಡೆಯ ಬಿರುಕು ಕಂಡಿತು, ನನ್ನ ಕೈಯ ನರ ಕಂಡಿತು. ಮೀನುಗಳು ಕಲ್ಲಿನ ಹಿಂದೆ ನುಗ್ಗಿದವು. ವಾರಿಜಕ್ಕ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು, ತಲೆ ತಗ್ಗಿಸಿ, ಟ್ಯಾಂಕಿಗೆ ಕೈಮುಗಿದು ನಿಂತರು.

“ಏನ್ ಮಾಡೀರಿ!” ನಾನು ಚೀರಿದೆ. “ಆರಸ್ರಿ ಅದನ್ನ!”

ಅವರಿಗಿಂತ ಮೊದಲು ನಾನೇ ಹೋಗಿ ಆರಿಸಿದೆ. ವಾರಿಜಕ್ಕ ಗಾಬರಿಯಾಗಿ ಗೋಡೆಗೆ ಒರಗಿದರು.

“ದಿನಾ ಹಿಂಗ ಮಾಡ್ತೀರೇನ್ರಿ?”

“ದಿನಾ ಮಾಡುದೇ ಅಲ್ವಾ?” ಎಂದರು, ಅಳುವ ಧ್ವನಿಯಲ್ಲಿ. “ಮಧ್ಯಾಹ್ನದಿಂದ ಉರಿಯುವ ಲೈಟು ಸಂಜೆಗೆ ಆಗುದಿಲ್ಲ. ಅದು ಹಳತು. ಆರಿಸಿ, ದೀಪ ಇಟ್ಟು, ಹೊಸತಾಗಿ ಹಾಕ್ಬೇಕು. ಹೋಟೆಲಲ್ಲೂ ಹಾಗೇ ಮಾಡುದು. ಸೆಟ್ಟಿಂಗ್ ನಾನು ಮುಟ್ಲಿಲ್ಲ ಮಗಾ, ದೇವ್ರಾಣೆಗೂ. ನೀನು ಸ್ವಿಚ್ ಮುಟ್ಬೇಡಿ ಅಂತ ಹೇಳ್ಲಿಲ್ಲ.”

ಹೇಳಿರಲಿಲ್ಲ. ಚೀಟಿ ಕಣ್ಣೆದುರಿಗೇ ಇತ್ತು. ಸೆಟ್ಟಿಂಗ್ ಮುಟ್ಟಬೇಡಿ, ಅಷ್ಟೇ. ಫೋನಿನಲ್ಲಿ ಲೈಟಿನ ಪುಸ್ತಕ ತೆಗೆದು, ಅಂದು ತಿರುವಿ ಹಾಕಿದ್ದ ಆ ಪುಟ ಓದಿದೆ. ಕರೆಂಟ್ ಹೋಗಿ ಬಂದರೆ ಈ ಲೈಟು ಅಂದಿನ ಸೆಟ್ಟಿಂಗ್ ಬಿಟ್ಟು, ಆರುವ ಹೊತ್ತಿನವರೆಗೆ ಪೂರ್ತಿ ಉರಿಯುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಸೆಟ್ಟಿಂಗಿನ ಪ್ರಕಾರ ನಡೆಯುತ್ತದೆ. ಮುಂಬೈಯಲ್ಲಿ ಕರೆಂಟ್ ಹೋಗುವುದಿಲ್ಲ. ವಾರಿಜಕ್ಕನ ಮನೆಯಲ್ಲಿ ದಿನಾ ಸಂಜೆ ಎರಡು ನಿಮಿಷ ಹೋಗುತ್ತಿತ್ತು. ಆಮೇಲೆ ರಾತ್ರಿ ಹತ್ತರವರೆಗೆ ಹೂವಿನ ಮೇಲೆ ನಡುಮಧ್ಯಾಹ್ನ. ಬೆಳಿಗ್ಗೆ ನಾನು ಬಂದು ಮೀಟರ್ ಇಳಿಬಿಟ್ಟು ಎಲ್ಲ ಸರಿ ಇದೆ ಎನ್ನುತ್ತಿದ್ದೆ.

“ಹಳೇ ದೊಡ್ಡ ಲೈಟಿಗೆ ಏನ್ ಮಾಡ್ತಿದ್ರಿ?” ನನ್ನ ಧ್ವನಿ ಇಳಿದಿತ್ತು.

“ಅದಕ್ಕೆ ಇಲ್ಲಿ ಸ್ವಿಚ್ಚೇ ಇರ್ಲಿಲ್ಲ. ಮೊದಲು ಇತ್ತು. ಹಾಕಿದ ಮೊದಲ ವಾರ ನಾನು ಹೀಗೇ ಆರಿಸಿ ಹಾಕಿದ್ರೆ ಅದು ಹತ್ತಲೇ ಇಲ್ಲ. ಕಾಲು ಗಂಟೆ ಕತ್ತಲೆ. ದೀಪ ಇಟ್ಟ ಮೇಲೆ ಮನೆಯೊಳಗೆ ಒಂದು ಲೈಟು ಹತ್ಲಿಲ್ಲ ಅಂದ್ರೆ ನಂಗೆ ಹೇಗಾಗ್ಬೇಡ? ನಿಮ್ಮಪ್ಪನಿಗೆ ಹೇಳಿ ಅತ್ತೆ.”

ಹ್ಯಾಲೈಡ್ ಹಾಗೆಯೇ. ಕಾದಾಗ ಆರಿಸಿದರೆ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ. ಅಪ್ಪ ಮರುದಿನ ಬೆಳಿಗ್ಗೆ ಬಂದವರು ಕತ್ತಲಾಗುವವರೆಗೆ ಆ ಹಾಲ್‌ನಲ್ಲಿ ಸುಮ್ಮನೆ ಕೂತಿದ್ದರಂತೆ. ಕೊಟ್ಟ ಚಹಾ ಕುಡಿದು, ವಾರಿಜಕ್ಕ ದೀಪ ಇಡುವುದನ್ನು ನೋಡಿ, ಏನೂ ಹೇಳದೆ ಹೋದರಂತೆ. ಅದರ ಮರುದಿನ ದೊಡ್ಡ ಲೈಟಿನ ವೈರನ್ನು ಫ್ರಿಜ್ಜಿನ ಹಿಂದಕ್ಕೆ ಎಳೆದು, ಬೋರ್ಡಿನ ಸ್ವಿಚ್ಚಿಗೆ ಒಂದು ಜೀರೋ ಬಲ್ಬು ಹಾಕಿ, “ಇದಕ್ಕ ಕೈ ಮುಗೀರಿ ವಾರಿಜಕ್ಕ, ಇದು ಎಂದೂ ಕೈ ಕೊಡೂದಿಲ್ಲ,” ಎಂದರಂತೆ. ಹನ್ನೊಂದು ವರ್ಷ ಅದು ಕೈ ಕೊಡಲಿಲ್ಲ. ನಾನು ಬಂದು ಕಿತ್ತೆ.

ಫ್ರಿಜ್ಜನ್ನು ಮುಂದಕ್ಕೆ ಎಳೆದೆ. ಅಪ್ಪನ ವೈರು ಧೂಳಿನಲ್ಲಿ ಬಿದ್ದಿತ್ತು, ಪ್ಲಗ್ಗು ಇನ್ನೂ ಸ್ವಿಚ್ ಆರಿಸಿದ ಸಾಕೆಟ್ಟಿನಲ್ಲೇ. ಮನೆಗೆ ಫೋನ್ ಮಾಡಿದೆ.

“ಅಪ್ಪಾ, ಅವತ್ತು ಸಂಜಿಮುಂದ ಅಂತ ಏನೋ ಹೇಳಾಕ ಹತ್ತಿದ್ರಿ.”

“ಹೂ ಹೆಂಗೈತಿ?” ಎಂದು ಕೇಳಿದರು. ಹೇಳಿದೆ. “ನೆರಳಿಗೆ ಹಾಕಿ ಬಿಡು. ವೈರ್ ಫ್ರಿಜ್ಜಿನ ಹಿಂದ ಸುತ್ತಿ ಎರಡು ಮೊಳ ಜಾಸ್ತಿ ಇಟ್ಟೀನಿ, ಜೋಡಸಾಕ ಸಾಲ್ತದ,” ಎಂದರು. ನಾನು ಹೇಳಿರಲಿಲ್ಲವೇ ಎಂಬ ಒಂದು ಮಾತು ಬಂದಿದ್ದರೆ ನಾನೂ ಒಂದು ಮಾತು ಎಸೆದು ಹಗುರಾಗುತ್ತಿದ್ದೆ. ಅದು ಬರಲಿಲ್ಲ. ನೆಲದ ಮೇಲೆ ಕೂತು, ಕಪ್ಪು ಟೇಪು ಸುತ್ತಿ, ಅಪ್ಪನ ವೈರಿಗೆ ನನ್ನ ಲೈಟು ಜೋಡಿಸಿ, ಬೆಳಿಗ್ಗೆಯವರೆಗೆ ಆರಿಸಿಯೇ ಇಟ್ಟೆ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ ಕೂತೆ. ಹತ್ತಕ್ಕೆ ಅಂಗಾರಣ್ಣ ಬಂದರು. ನನ್ನನ್ನು ನೋಡಿ ಒಳಕೋಣೆಯತ್ತ ತಿರುಗಿದರು.

“ಅಣ್ಣಾ, ತಪ್ಪು ನಂದು,” ಎಂದೆ. ಇಷ್ಟು ಹೇಳಲು ನನಗೆ ಎಷ್ಟು ಕಷ್ಟವಾಯಿತು ಎಂದು ನನಗೆ ಗೊತ್ತು. ಉಳಿದದ್ದನ್ನೂ ಹೇಳಿದೆ, ವೈರು, ಸ್ವಿಚ್ಚು, ಓದದ ಪುಟ. “ಆ ಭೂತದ ಮಾತೂ ಆಡಬಾರದಿತ್ತು.”

ಅವರು ಟ್ಯಾಂಕಿನ ಹತ್ತಿರ ಬಂದು ಬಗ್ಗಿ ಬುಟ್ಟಿಯ ತೂತಿನೊಳಗೆ ನೋಡಿದರು. ಹೂ ರಾತ್ರಿ ಕಲ್ಲಿನ ಒಂದು ಸಂದಿಗೆ ಪಾದ ಊರಿಕೊಂಡಿತ್ತು. ಬಣ್ಣ ಬಂದಿರಲಿಲ್ಲ.

“ಬದುಕ್ತದಾ?”

“ಗೊತ್ತಿಲ್ಲಣ್ಣಾ.”

ಎರಡು ವರ್ಷದಲ್ಲಿ ಯಾವ ಗಿರಾಕಿಗೂ ನಾನು ಆ ಮಾತು ಹೇಳಿರಲಿಲ್ಲ. ಅಂಗಾರಣ್ಣ ಕುರ್ಚಿ ಎಳೆದುಕೊಂಡು ಕೂತರು. “ಚಾ ಕುಡಿ,” ಎಂದರು. ಹನ್ನೊಂದಕ್ಕೆ ಎದ್ದು ಹೋಟೆಲಿಗೆ ಹೋದರು. ನಾನು ಹೋಗಲಿಲ್ಲ. ಮಧ್ಯಾಹ್ನ ಸಿಗಡಿಯ ಒಂದು ಚೂರನ್ನು ಚಿಮ್ಮಟದಲ್ಲಿ ಹಿಡಿದು ಹೂವಿನ ಎಸಳಿಗೆ ತಾಗಿಸಿದೆ. ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಎರಡು ಎಸಳು ನಿಧಾನ ಬಾಗಿ ಆ ಚೂರನ್ನು ಒಳಗೆ ಎಳೆದುಕೊಂಡವು. ನನ್ನ ಕಣ್ಣು ತುಂಬಿತು. ಅಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಒರೆಸಿಕೊಳ್ಳಲಿಲ್ಲ.

ಸಂಜೆ ಆರಕ್ಕೆ ವಾರಿಜಕ್ಕನ ಹತ್ತಿರ ಆ ಬಲ್ಬು ಇದೆಯೇ ಎಂದು ಕೇಳಿದೆ. ಡ್ರಾವರಿನಿಂದ ಪೇಪರಿನ ಪೊಟ್ಟಣ ತಂದು ಕೊಟ್ಟರು. ಮುಚ್ಚಳದ ಮೂಲೆಯಲ್ಲಿ, ಮೊದಲಿನ ಜಾಗದಲ್ಲೇ ಅದನ್ನು ಕೂರಿಸಿ ಮೂರನೆಯ ಸ್ವಿಚ್ಚಿಗೆ ಕೊಟ್ಟೆ. ಅವರು ಒಂದೊಂದೇ ಲೈಟು ಆರಿಸಿದರು, ದೀಪ ಇಟ್ಟರು, ಒಂದೊಂದೇ ಸ್ವಿಚ್ ಹಾಕಿದರು. ಜೀರೋ ಬಲ್ಬು ಹತ್ತಿತು. ಟ್ಯಾಂಕಿನ ಮಂದ ನೀಲಿ ತನ್ನ ಪಾಡಿಗೆ ಇತ್ತು. ಮೀನುಗಳು ಬುಟ್ಟಿಯ ಸುತ್ತ ಸುತ್ತುತ್ತಿದ್ದವು. ವಾರಿಜಕ್ಕ ಸೆರಗು ಎಳೆದುಕೊಳ್ಳಲಿಲ್ಲ. ನೆಟ್ಟಗೆ ನೋಡುತ್ತ ಕೈಮುಗಿದರು.

“ಈಗ ಒಳ್ಳೇದಾಯ್ತು,” ಎಂದರು. “ಆ ಹೊಸ ಲೈಟು ಕಣ್ಣಿಗೆ ಕುಕ್ತಿತ್ತು. ಮೊದಲ ದಿನವೇ ನಂಗೆ ಗೊತ್ತಾಗಿತ್ತು, ಇದು ಹೂವಿಗೆ ಜಾಸ್ತಿ ಆಯ್ತು ಅಂತ. ಮೀನು ದಿನಾ ಓಡಿ ಅಡಗ್ತಿತ್ತು.”

“ಮತ್ತ ಹೇಳಲಿಲ್ಲ ಯಾಕ್ರಿ ಅಕ್ಕಾ?”

ಅವರು ಬೆಂಕಿಪೊಟ್ಟಣವನ್ನು ಕೈಯಲ್ಲೇ ತಿರುಗಿಸಿದರು.

“ಹೇಳ್ಲಿಕ್ಕೆ ಬಂದಿದ್ದೆ. ನೀನು ಬೈತಿ ಅಂತ ಸುಮ್ಮನಾದೆ.”

ನನ್ನ ಬಾಯಿ ಅಭ್ಯಾಸದಂತೆ ತೆರೆಯಿತು. ಮುಚ್ಚಿಕೊಂಡೆ. ಅಮ್ಮಿಯ ಫೋನು ಬ್ಯಾಗಿನೊಳಗೆ ಬಡಿದುಕೊಳ್ಳುತ್ತಿತ್ತು.

“ಇನ್ನೂ ಏನಾರ ಹೇಳೂದು ಉಳದೈತೇನ್ರಿ ಅಕ್ಕಾ?” ಎಂದು ಕೇಳಿದೆ.

ವಾರಿಜಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ಕಾದ ಕಾವಲಿಯನ್ನು ಮುಟ್ಟಬಹುದೇ ಎಂದು ನೋಡುವ ಹಾಗೆ.

“ಉಂಟು,” ಎಂದರು. “ಕೂತುಕೋ.”